ಆತಿ-ಆತಿಹಾನ್‌ಗೆ ಹೋದರೆ ಎಲ್ಲಿ ಉಳಿಯಬೇಕು: ಕಾಲಿಬೊದಲ್ಲೋ, ಬೊರಾಕೈಯಲ್ಲೋ?

ಫಿಲಿಪ್ಪೀನ್ಸ್‌ನ ಆತಿ-ಆತಿಹಾನ್ ಹಬ್ಬ ನೋಡಬೇಕು ಅನ್ನುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಹಬ್ಬ ನಡೆಯುವ ಕಾಲಿಬೊ ಊರಲ್ಲೇ ರೂಮ್ ಮಾಡುವುದಾ, ಇಲ್ಲ ಬೊರಾಕೈ ಬೀಚಿನಲ್ಲಿ ಆರಾಮಾಗಿ ಉಳಿದುಕೊಂಡು ಹಬ್ಬದ ದಿನ ಮಾತ್ರ ಹೋಗಿ ಬರುವುದಾ? ಬೇರೆ ಬೇರೆ ವರ್ಷ ನಾನು ಎರಡನ್ನೂ ಮಾಡಿ ನೋಡಿದ್ದೇನೆ. ನೀವು ಹೋಗುತ್ತಿರುವುದು ಹಬ್ಬಕ್ಕೆ ಅಂತಾದರೆ ಕಾಲಿಬೊದಲ್ಲೇ ಉಳಿಯಿರಿ. ಬೀಚು ಎಲ್ಲೂ ಓಡಿಹೋಗುವುದಿಲ್ಲ.

ಎರಡೂ ಅಕ್ಲಾನ್ ಪ್ರಾಂತ್ಯದಲ್ಲೇ ಇವೆ, ಮ್ಯಾಪಿನಲ್ಲಿ ನೋಡಿದರೆ ಪಕ್ಕಪಕ್ಕ. ಮೋಸ ಇರುವುದೇ ಅಲ್ಲಿ. ಕಾಲಿಬೊ ಪನಾಯ್ ದ್ವೀಪದ ಉತ್ತರ ಕರಾವಳಿಯಲ್ಲಿದೆ. ಬೊರಾಕೈ ಅದೇ ದ್ವೀಪದ ವಾಯವ್ಯ ತುದಿಯಾಚೆ ಇರುವ ಬೇರೆಯದೇ ಪುಟ್ಟ ದ್ವೀಪ. ಅಲ್ಲಿಂದ ಹೊರಟರೆ ಮೊದಲು ಎಲೆಕ್ಟ್ರಿಕ್ ಟ್ರೈಸಿಕಲ್ ಹಿಡಿದು ಕಗ್ಬಾನ್ ಜೆಟ್ಟಿಗೆ ಬರಬೇಕು, ಅಲ್ಲಿಂದ ಹತ್ತು ಹದಿನೈದು ನಿಮಿಷ ಬೋಟಿನಲ್ಲಿ ಕಾತಿಕ್ಲಾನ್, ಆಮೇಲೆ ವ್ಯಾನಿನಲ್ಲಿ ಸುಮಾರು 70 ಕಿಲೋಮೀಟರ್. ಮಾಮೂಲಿ ದಿನ ವ್ಯಾನಿನ ದಾರಿಯೇ ಒಂದೂವರೆಯಿಂದ ಎರಡು ಗಂಟೆ. ಹಬ್ಬದ ಭಾನುವಾರ ಅದು ಎಷ್ಟಾಗುತ್ತದೆ ಅಂತ ಡ್ರೈವರ್‌ಗೂ ಹೇಳಲು ಬರುವುದಿಲ್ಲ.

ಬೊರಾಕೈಯಲ್ಲಿ ಉಳಿದು ಹಬ್ಬಕ್ಕೆ ಹೋಗಿ ಬಂದ ಆ ವರ್ಷ ಏನಾಯಿತು ಅಂದರೆ, ವ್ಯಾನು ತುಂಬುವವರೆಗೆ ಹೊರಡಲಿಲ್ಲ. ಕೊನೆಗೆ ಹೊರಟು ಊರು ಹತ್ತಿರ ಬಂದ ಮೇಲೆ ರಸ್ತೆ ಬಂದ್ ಅಂತ ಎಲ್ಲೋ ಇಳಿಸಿಬಿಟ್ಟರು. ಅಲ್ಲಿಂದ ಬಿಸಿಲಲ್ಲಿ ನಡಿಗೆ. ಬ್ಯಾಂಡಿನ ಸದ್ದು ಕೇಳುವ ಹೊತ್ತಿಗೆ ಹಣ್ಣುಗಾಯಿ ನೀರುಗಾಯಿ ಆಗಿದ್ದೆವು. ಅಲ್ಲಿ ನಿಂತರೂ ಮನಸ್ಸೆಲ್ಲ ಗಡಿಯಾರದ ಮೇಲೆ. ರಾತ್ರಿ ಬೋಟುಗಳು ಕಡಿಮೆಯಾಗುತ್ತವೆ, ವಾಪಸ್ ವ್ಯಾನಿಗೆ ಕ್ಯೂ ಇರುತ್ತದೆ. ಹಾಗಾಗಿ ಸಂಜೆ ಮೆರವಣಿಗೆ ಶುರುವಾಗುವ ಹೊತ್ತಿಗೆ ಸರಿಯಾಗಿ ಊರು ಬಿಟ್ಟೆವು. ಅಂದರೆ ಮದುವೆಗೆ ಹೋಗಿ ಧಾರೆ ನೋಡದೆ ಬಂದ ಹಾಗೆ.

ಕಾಲಿಬೊದಲ್ಲೇ ಉಳಿದ ವರ್ಷದ ಕಥೆಯೇ ಬೇರೆ. ಹಬ್ಬ ಮುಗಿಯುವುದು ಜನವರಿಯ ಮೂರನೇ ಭಾನುವಾರ (2027ರಲ್ಲಿ ಅದು ಜನವರಿ 17), ಆದರೆ ಊರು ಅದಕ್ಕಿಂತ ಎಷ್ಟೋ ದಿನ ಮೊದಲೇ ಏರುತ್ತಾ ಬಂದಿರುತ್ತದೆ. ಪಾಸ್ತ್ರಾನಾ ಪಾರ್ಕಿನ ಸುತ್ತ ಸಂಜೆಯಾದರೆ ಸಾಕು, ಯಾವುದೋ ಗಲ್ಲಿಯಿಂದ ಡ್ರಮ್ಮು ಶುರು. ಹೊಡೆಯುವವರು ಎಂಟೋ ಹತ್ತೋ ಜನ, ಜೊತೆಗೆ ಲೋಹದ ಪಟ್ಟಿಗಳ ಕಿಣಿಕಿಣಿ ವಾದ್ಯ, ಹಿಂದೆ ಕುಣಿಯುವವರು. ಎಳೆದು ಎಳೆದು ಹಾಕುವ ಹೆಜ್ಜೆ, ಅದನ್ನು ಸದ್‌ಸದ್ ಅನ್ನುತ್ತಾರೆ. ಕಲಿಯಲು ಎರಡು ನಿಮಿಷ ಸಾಕು. ಯಾರೂ ಹಗ್ಗ ಕಟ್ಟಿರುವುದಿಲ್ಲ, ಯಾರೂ ತಡೆಯುವುದಿಲ್ಲ. "ಹಾಲಾ ಬಿರಾ! ಪ್ವೇರಾ ಪಾಸ್ಮಾ!" ಅಂತ ಕೂಗುತ್ತಾ ಹೋಗುತ್ತಿರುವ ಗುಂಪಿಗೆ ಸುಮ್ನೆ ಸೇರಿಕೊಂಡರೆ ಆಯಿತು, ಎಲ್ಲಿ ಸಾಕೆನಿಸುತ್ತದೋ ಅಲ್ಲಿ ಬಿಟ್ಟು ಬರಬಹುದು. ರೂಮು ನಾಲ್ಕು ಹೆಜ್ಜೆ ದೂರ ಇದ್ದರೆ ಇದರ ಸುಖವೇ ಬೇರೆ: ಸ್ವಲ್ಪ ಹೊತ್ತು ಮಲಗಿ, ಬಟ್ಟೆ ಬದಲಿಸಿ, ಮತ್ತೆ ಬೀದಿಗೆ.

ಇನ್ನೊಂದು ವಿಷಯ, ಇದನ್ನು ಬೊರಾಕೈಯಿಂದ ದಿನದ ಲೆಕ್ಕದಲ್ಲಿ ಬರುವವರು ನೋಡುವುದೇ ಕಡಿಮೆ. ಹಬ್ಬ ಸಾಂತೋ ನೀನ್ಯೊ, ಅಂದರೆ ಬಾಲ ಯೇಸುವಿನದು. ಚರ್ಚಿನಲ್ಲಿ ಪಾಎಆಪಾಕ್ ಅಂತ ಒಂದು ಪದ್ಧತಿ ಇದೆ. ಜನ ಸಾಲಾಗಿ ನಿಲ್ಲುತ್ತಾರೆ, ಬಾಲ ಯೇಸುವಿನ ಮೂರ್ತಿಯನ್ನು ತಲೆ, ಭುಜ, ಬೆನ್ನಿಗೆ ಸವರುತ್ತಾರೆ, ಕಾಯಿಲೆ ಹೋಗಲಿ ಅಂತ. ನನ್ನ ಮುಂದಿದ್ದ ಮುದುಕಿ ಮೂರ್ತಿ ಹತ್ತಿರ ಬರುತ್ತಿದ್ದಂತೆ ಚಪ್ಪಲಿ ಬಿಟ್ಟು, ಮಂಡಿಯನ್ನೇ ಮುಂದೆ ಮಾಡಿ ತೋರಿಸಿದರು. ಸವರುವವನು ನಕ್ಕು ಎರಡು ಮಂಡಿಗೂ ಎರಡೆರಡು ಸಲ ಸವರಿದ. ಹೊರಗೆ ಬಂದರೆ ಅದೇ ಮುದುಕಿ ಡ್ರಮ್ಮಿನ ಹಿಂದೆ ಹೆಜ್ಜೆ ಹಾಕುತ್ತಿದ್ದಾರೆ! ಭಕ್ತಿ, ಬಿಯರ್ ಎರಡೂ ಒಂದೇ ಬೀದಿಯಲ್ಲಿ, ಯಾರಿಗೂ ಮುಜುಗರ ಇಲ್ಲ.

ಸ್ಪರ್ಧೆಯ ತಂಡಗಳ ವೇಷ ಹತ್ತಿರದಿಂದ ನೋಡುವ ಹಾಗಿರುತ್ತದೆ. ಕೋಳಿ ಪುಕ್ಕ, ಚಿಪ್ಪು, ತೆಂಗಿನ ನಾರು, ಏನು ಸಿಕ್ಕಿದರೂ ಅದು. ಭಾನುವಾರ ಸಂಜೆಯ ಮೆರವಣಿಗೆಯಲ್ಲಿ ಮನೆಮನೆಯ ಸಾಂತೋ ನೀನ್ಯೊ ಮೂರ್ತಿಗಳೆಲ್ಲ ಬೀದಿಗೆ ಬರುತ್ತವೆ. ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡು ಜನ ನಡೆಯುತ್ತಾರೆ, ಪಕ್ಕದಲ್ಲಿ ಬಿದಿರಿನ ಪಂಜುಗಳು. ಬೊರಾಕೈಯಲ್ಲಿ ರೂಮಿದ್ದ ವರ್ಷ ತಪ್ಪಿಹೋಗಿದ್ದು ಇದೇ.

ಹಬ್ಬದಲ್ಲಿ ಕುಣಿಯುವವರು ಮುಖಕ್ಕೆ ಮಸಿ ಬಳಿದುಕೊಳ್ಳುತ್ತಾರೆ, ಅದರ ಬಗ್ಗೆ ಒಂದು ಮಾತು. ಬೋರ್ನಿಯೊದಿಂದ ಓಡಿ ಬಂದ ಹತ್ತು ದಾತುಗಳು, ಅಂದರೆ ನಾಯಕರು, ಇಲ್ಲಿನ ಮೂಲನಿವಾಸಿ ಆತಿ ಜನರಿಂದ ಜಾಗ ಪಡೆದು, ಅವರ ಜೊತೆ ಕುಣಿಯಲು ಮೈಗೆ ಮಸಿ ಹಚ್ಚಿಕೊಂಡರು ಅನ್ನುವುದು ಐತಿಹ್ಯ. ಕಥೆ ಚೆನ್ನಾಗಿದೆ. ಆದರೆ ಹಬ್ಬದ ಹೊತ್ತಿನಲ್ಲಿ ನಿಜವಾದ ಆತಿ ಹೆಂಗಸರು ರಸ್ತೆ ಬದಿಯಲ್ಲಿ ಬೇರು, ತಾಯಿತ ಮಾರುತ್ತಾ ಕೂತಿರುತ್ತಾರೆ, ಮಸಿ ಬಳಿದವರು ಅವರನ್ನು ದಾಟಿಕೊಂಡು ಕುಣಿಯುತ್ತಾ ಹೋಗುತ್ತಾರೆ. ಬೊರಾಕೈಯೂ ಮೊದಲು ಅವರದ್ದೇ ದ್ವೀಪ. ಈಗ ಅಲ್ಲಿ ಮಾನೊಕ್-ಮಾನೊಕ್ ಭಾಗದಲ್ಲಿ ಅವರ ಪುಟ್ಟ ಊರಿದೆ, 2011ರಲ್ಲಿ ಅವರಿಗೆ ಹಕ್ಕುಪತ್ರ ಸಿಕ್ಕಿದ್ದು ಬರೀ 2.1 ಹೆಕ್ಟೇರಿಗೆ. ನಾನು ಮಸಿ ಹಚ್ಚಿಕೊಳ್ಳಲಿಲ್ಲ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಇನ್ನು ಬೊರಾಕೈ ಗೆಲ್ಲುವುದು ಎಲ್ಲಿ? ಸಸ್ಯಾಹಾರಿಗಳ ಊಟದಲ್ಲಿ, ನಿದ್ದೆಯಲ್ಲಿ, ಸಮುದ್ರದಲ್ಲಿ. ಸಮುದ್ರದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ವೈಟ್ ಬೀಚ್ ನಾಲ್ಕು ಕಿಲೋಮೀಟರ್ ಉದ್ದದ ಬಿಳಿ ಮರಳು, ಜನವರಿಯಲ್ಲಿ ಈಶಾನ್ಯದ ಅಮಿಹಾನ್ ಗಾಳಿ ಬೀಸುವುದರಿಂದ ಪಶ್ಚಿಮಕ್ಕಿರುವ ಆ ಕಡೆ ನೀರು ಶಾಂತ, ಆಚೆ ಬದಿಯ ಬುಲಾಬೊಗ್‌ನಲ್ಲಿ ಗಾಳಿಪಟ ಕಟ್ಟಿಕೊಂಡು ಅಲೆ ಮೇಲೆ ಹಾರುವವರ ಸಂತೆ. 2018ರಲ್ಲಿ ಆರು ತಿಂಗಳು ದ್ವೀಪವನ್ನೇ ಮುಚ್ಚಿ ಕ್ಲೀನ್ ಮಾಡಿದರು, ಏಪ್ರಿಲ್ 26ರಿಂದ ಅಕ್ಟೋಬರ್‌ವರೆಗೆ. ಆಮೇಲೆ ಮರಳಿನ ಮೇಲೆ ಕುಡಿಯುವುದು, ಸಿಗರೇಟು ಸೇದುವುದು ಬಂದ್. ಮೀನು ತಿನ್ನುವವರಿಗೆ ಡಿ'ತಲಿಪಾಪಾ ಮಾರ್ಕೆಟ್ ಇದೆ. ಅಲ್ಲೇ ಆರಿಸಿ ಕೊಂಡು ಪಕ್ಕದ ಅಂಗಡಿಗೆ ಕೊಟ್ಟರೆ ಬೇಯಿಸಿ ಕೊಡುತ್ತಾರೆ. ರೇಟು ಮಾತ್ರ ಬಾಯಿ ಬಿಟ್ಟು ಕೇಳಿ ಇಳಿಸಿ.

ಸಸ್ಯಾಹಾರಿಗಳು ಇದನ್ನು ಗಮನವಿಟ್ಟು ಓದಿ. ಬೊರಾಕೈಯಲ್ಲಿ ಇಂಡಿಯನ್ ಹೋಟೆಲ್‌ಗಳಿವೆ, ಬದುಕಿಕೊಳ್ಳುತ್ತೀರಿ. ಕಾಲಿಬೊದಲ್ಲಿ ಕಷ್ಟ. ಬರೀ ತರಕಾರಿ ಅಂತ ಕೊಟ್ಟದ್ದರಲ್ಲೂ ಸಿಗಡಿ ಪೇಸ್ಟೋ ಮೀನಿನ ಸಾಸೋ ಇರುತ್ತದೆ. ನಮ್ಮ ಜೊತೆ ಬಂದಿದ್ದ ಒಬ್ಬರು ಅನ್ನ, ಸಕ್ಕರೆ ಪಾಕದ ಬಾಳೆಹಣ್ಣು, ಬ್ರೆಡ್ಡು, ಊರಿಂದ ತಂದ ಚಟ್ನಿಪುಡಿಯಲ್ಲೇ ಕಾಲ ಹಾಕಿದರು. ಮೀನು-ಮಾಂಸ ತಿನ್ನುವವರಿಗೆ ಮಾತ್ರ ಕಾಲಿಬೊ ಬೊರಾಕೈಗಿಂತ ಎಷ್ಟೋ ಮೇಲು. ಇನುಬಾರಾನ್ ಅಂತ ಅಲ್ಲಿನ ಕೋಳಿ ಸಾರು ಕೇಳಿ ತಿನ್ನಿ. ಅದರಲ್ಲಿ ಹಾಕುವುದು ನಮ್ಮ ಬಾಳೆದಿಂಡೇ, ತೆಂಗಿನ ಹಾಲಲ್ಲಿ ಬೇಯಿಸಿದ್ದು. ದಿಂಡಿನ ಪಲ್ಯ ತಿಂದು ಬೆಳೆದವರಿಗೆ ಮೊದಲ ತುತ್ತಿಗೇ ಗುರುತು ಸಿಗುತ್ತದೆ. ಬೊರಾಕೈಯ ಬೀಚ್ ಮೆನುಗಳಲ್ಲಿ ಇದನ್ನು ಹುಡುಕಿ ಸುಸ್ತಾದೆ.

ನಿದ್ದೆ? ಕಾಲಿಬೊದಲ್ಲಿ ಮರೆತುಬಿಡಿ. ಪಾರ್ಕಿನ ಹತ್ತಿರ ರೂಮು ಹಿಡಿದರೆ ನಡುರಾತ್ರಿಯವರೆಗೂ ಕಿವಿಯಲ್ಲಿ ಡ್ರಮ್ಮೇ. ಹಬ್ಬದ ವಾರ ರೂಮಿನ ರೇಟೂ ಏರುತ್ತದೆ, ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡದಿದ್ದರೆ ಸಿಗುವುದೂ ಕಷ್ಟ. ಚಿಕ್ಕ ಮಕ್ಕಳಿದ್ದರೆ, ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ ಬೊರಾಕೈಯೇ ಸರಿ, ಇದರಲ್ಲಿ ವಾದ ಬೇಡ. ಆದರೆ ಆಗ ಭಾನುವಾರದ ನೂಕುನುಗ್ಗಲು ಬಿಟ್ಟು, ವಾರದ ನಡುವೆ ಯಾವತ್ತಾದರೂ ಕಾಲಿಬೊಗೆ ಬನ್ನಿ. ಊರಿನ ಅಂಚಿನಲ್ಲಿ ಬಾಖಾವಾನ್ ಅನ್ನುವ ಕಾಂಡ್ಲಾ ಕಾಡಿದೆ. ಹೂಳು ತುಂಬಿದ ದಂಡೆಯಲ್ಲಿ ಊರಿನವರು 1990ರಲ್ಲಿ ನೆಡಲು ಶುರು ಮಾಡಿದ್ದು. ಬಿದಿರಿನ ದಾರಿಯ ಮೇಲೆ ನೆರಳಲ್ಲಿ ನಡೆಯಬಹುದು. ಆಮೇಲೆ ಪಿನ್ಯಾ, ಅಂದರೆ ಅನಾನಸ್ ನಾರಿನ ಬಟ್ಟೆ, ನೇಯುವ ಕಡೆ ಹೋಗಿ. ಅನಾನಸ್ ಎಲೆಯನ್ನು ಒಡೆದ ಪಿಂಗಾಣಿ ತಟ್ಟೆಯ ಚೂರಿನಿಂದ ಕೆರೆದು ಒರಟು ನಾರು ತೆಗೆಯುತ್ತಾರೆ, ಆಮೇಲೆ ತೆಂಗಿನ ಚಿಪ್ಪಿನಿಂದ ಕೆರೆದರೆ ಕೂದಲಿಗಿಂತ ನವಿರಾದ ಎಳೆ ಬರುತ್ತದೆ. ಅದನ್ನು ಒಂದೊಂದೇ ಗಂಟು ಹಾಕಿ ಉದ್ದ ಮಾಡಬೇಕು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ ಈ ನೇಯ್ಗೆ. ಬಟ್ಟೆಯ ಬೆಲೆ ಕೇಳಿ ನಾನು ಕರ್ಚೀಫಿಗೆ ಇಳಿದೆ.

ಕೆಲವರು ಇದರ ಬದಲು ಸಿಬು ಊರಿನ ಸಿನುಲೋಗ್ ಹಬ್ಬಕ್ಕೆ ಹೋಗಿ ಅನ್ನುತ್ತಾರೆ. ಅದೂ ಮೂರನೇ ಭಾನುವಾರವೇ, ಎರಡರಲ್ಲಿ ಒಂದೇ ಸಾಧ್ಯ. ಇಲೊಯ್ಲೊ ಊರಿನ ದಿನಾಗ್ಯಾಂಗ್ ಹಾಗಲ್ಲ, ಅದು ನಾಲ್ಕನೇ ಭಾನುವಾರ, ಅದೇ ಪನಾಯ್ ದ್ವೀಪದಲ್ಲಿ. ಕಸರತ್ತು, ಶಿಸ್ತು ಬೇಕಿದ್ದವರಿಗೆ ಅದು ಇಷ್ಟವಾಗುತ್ತದೆ, ಆದರೆ ಅಲ್ಲಿ ನೀವು ಪ್ರೇಕ್ಷಕರು.

ಹಾಗಾಗಿ ನಾನು ಹೇಳುವ ದಾರಿ ಇದು. ಹೋಗುವಾಗ ಮನಿಲಾದಿಂದ ಕಾಲಿಬೊ ವಿಮಾನ ನಿಲ್ದಾಣಕ್ಕೆ ಇಳಿಯಿರಿ, ಗುರುವಾರವೇ ಬಂದರೆ ಇನ್ನೂ ಒಳ್ಳೆಯದು. ಭಾನುವಾರ ರಾತ್ರಿ ಅಲ್ಲೇ ಇರಿ. ಸೋಮವಾರ ಮಧ್ಯಾಹ್ನ ವ್ಯಾನು ಹತ್ತಿ ಬೊರಾಕೈ. ವಾಪಸ್ ಬರುವಾಗ ಕಾಲಿಬೊಗೆ ಬರಬೇಡಿ, ಕಾತಿಕ್ಲಾನ್‌ನಿಂದಲೇ ಹಾರಿ, ಅಲ್ಲಿ ಜೆಟ್ಟಿಗೂ ವಿಮಾನ ನಿಲ್ದಾಣಕ್ಕೂ ಐದು ನಿಮಿಷ. 2025ರ ಜೂನ್‌ನಿಂದ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಇಲ್ಲದೆ 14 ದಿನ ಇರಲು ಬಿಡುತ್ತಿದ್ದಾರೆ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೈಯಲ್ಲಿರಲಿ. ಹೊರಡುವ ಮುಂಚೆ ನಿಯಮ ಇನ್ನೊಮ್ಮೆ ನೋಡಿಕೊಳ್ಳಿ.