ಮೆಣಸಿನಕಾಯಿ ರೇಟಿಗೆ ಹಿಸ್ಟೋಗ್ರಾಂ: ಎಕ್ಸೆಲ್, ಲಿಬ್ರೆಆಫೀಸ್, ಗೂಗಲ್ ಶೀಟ್ಸ್‌ನಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ?

ಮೊದಲೇ ಹೇಳಿಬಿಡುತ್ತೇನೆ, ಬೇಗ ಒಂದು ಹಿಸ್ಟೋಗ್ರಾಂ (ಯಾವ ರೇಟಿಗೆ ಎಷ್ಟು ಲಾಟು ಹೋಯಿತು ಅಂತ ತೋರಿಸುವ ಕಂಬದ ಚಿತ್ರ) ಬೇಕು ಅಂದರೆ ಗೂಗಲ್ ಶೀಟ್ಸ್ ಸಾಕು. ಪ್ರತಿಯೊಂದೂ ನಮಗೆ ಬೇಕಾದ ಹಾಗೇ ಇರಬೇಕು ಅಂದರೆ ಎಕ್ಸೆಲ್. ದುಡ್ಡೂ ಕೊಡಲ್ಲ, ನೆಟ್ಟೂ ಬೇಡ ಅನ್ನುವವರಿಗೆ ಲಿಬ್ರೆಆಫೀಸ್ ಇದೆ, ಆದರೆ ಕೈಕೆಲಸ ಜಾಸ್ತಿ.

ನಾನು ಬ್ಯಾಡಗಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ನೋಡುತ್ತೇನೆ. ಮಾರ್ಕೆಟ್ ದಿನ ಟೆಂಡರ್ ಮುಗಿದ ಮೇಲೆ ಲಾಟ್ ನಂಬರ್, ಚೀಲ, ತೂಕ, ಕ್ವಿಂಟಲ್ ರೇಟು ಎಲ್ಲ ಶೀಟಿಗೆ ಹತ್ತುತ್ತದೆ. ಆಮೇಲೆ ಎಲ್ಲರ ಪ್ರಶ್ನೆ ಒಂದೇ, ‘ಇವತ್ತ ಸರಾಸರಿ ಎಷ್ಟ್ ಬಂತರೀ?’ ನಮ್ಮ ಮಾಲಿನ ವಿಷಯದಲ್ಲಿ ಈ ಸರಾಸರಿಯನ್ನು ನಂಬಿ ಕೂತರೆ ಕೆಟ್ಟಿರಿ. ಡಬ್ಬಿ, ಕಡ್ಡಿ, ಗುಂಟೂರು ಅಂತ ಬೇರೆ ಬೇರೆ ಜಾತಿಯ ಮೆಣಸಿನಕಾಯಿ, ಬಣ್ಣ ಹೋದ ಕಾಯಿ, ಎಲ್ಲ ಒಂದೇ ಅಂಗಳಕ್ಕೆ ಬಂದು ಬೀಳುತ್ತವೆ. ಅರ್ಧ ಲಾಟು 12 ಸಾವಿರದ ಆಸುಪಾಸು, ಇನ್ನರ್ಧ 35 ಸಾವಿರದ ಆಸುಪಾಸು ಹೋದವು ಅಂತಿಟ್ಟುಕೊಳ್ಳಿ. ಸರಾಸರಿ 23-24 ಸಾವಿರ ಅಂತ ಬರುತ್ತದೆ. ಆ ರೇಟಿಗೆ ಹೋದ ಲಾಟು ಹುಡುಕಿದರೂ ಸಿಗಲ್ಲ!

ಹಿಸ್ಟೋಗ್ರಾಂ ಬೇಕಾಗುವುದು ಇಲ್ಲೇ. ರೇಟನ್ನು ಇಷ್ಟಿಷ್ಟು ರೂಪಾಯಿಯ ಕಟ್ಟುಗಳಾಗಿ ಮಾಡಿ, ಯಾವ ಕಟ್ಟಿನಲ್ಲಿ ಎಷ್ಟು ಲಾಟು ಅಂತ ಕಂಬ ನಿಲ್ಲಿಸುವುದು, ಅಷ್ಟೇ. ಕಟ್ಟು ತೀರಾ ಅಗಲ ಆದರೆ ಎರಡು ಗುಂಪೂ ಕಲೆತು ಒಂದೇ ಆಗಿ ಕಾಣುತ್ತವೆ. ತೀರಾ ಸಣ್ಣ ಆದರೆ ಬಾಚಣಿಗೆ ಹಲ್ಲಿನ ಹಾಗೆ ಬರೀ ಗೆರೆ. ಅದಕ್ಕೇ ನಾನು ನೋಡುವುದು ಒಂದೇ ವಿಷಯ: ಈ ಅಗಲವನ್ನು ನನ್ನ ಕೈಗೆ ಎಷ್ಟು ಸಲೀಸಾಗಿ ಬಿಡುತ್ತದೆ?

ಎಕ್ಸೆಲ್ 2016ರಿಂದ ಹಿಸ್ಟೋಗ್ರಾಂ ಚಾರ್ಟ್ ಒಳಗೇ ಬರುತ್ತದೆ. ರೇಟಿನ ಕಾಲಂ ಸೆಲೆಕ್ಟ್ ಮಾಡಿ, ಇನ್ಸರ್ಟ್‌ಗೆ ಹೋಗಿ ಒತ್ತಿದರೆ ಚಿತ್ರ ರೆಡಿ. ಆದರೆ ಅಗಲವನ್ನು ಅದೇ ಆರಿಸಿರುತ್ತದೆ, 1979ರಲ್ಲಿ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಸ್ಕಾಟ್ ಕೊಟ್ಟ ಸೂತ್ರದಿಂದ. ಆ ಸೂತ್ರ ನಡುವೆ ಒಂದೇ ಉಬ್ಬು ಇರುವ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ನಮ್ಮ ಹಾಗೆ ಎರಡು ಗುಂಪು ಇದ್ದರೆ ಕಟ್ಟು ಅಗಲವಾಗಿಬಿಡುತ್ತದೆ, ನೋಡಬೇಕಾದದ್ದೇ ಮುಚ್ಚಿಹೋಗಬಹುದು. ಹಾಗಾಗಿ ಮೊದಲು ಬಂದ ಚಿತ್ರವನ್ನೇ ಪ್ರಿಂಟ್ ತೆಗೆಯಬೇಡಿ. ಕೆಳಗಿನ ಅಕ್ಷದ ಮೇಲೆ ಡಬಲ್ ಕ್ಲಿಕ್ ಮಾಡಿ, ಬಿನ್ ವಿಡ್ತ್‌ನಲ್ಲಿ (ಕಟ್ಟಿನ ಅಗಲ) 3000 ಅಂತ ಹಾಕಿ ನೋಡಿ, ಆಮೇಲೆ 2000 ಹಾಕಿ ನೋಡಿ.

ಇಷ್ಟಾದರೂ ಒಂದು ಕಿರಿಕಿರಿ ಉಳಿಯುತ್ತದೆ. ಕಟ್ಟುಗಳು ಆ ದಿನದ ಅತಿ ಕಡಿಮೆ ರೇಟಿನಿಂದಲೇ ಶುರುವಾಗುತ್ತವೆ. ಟೆಂಡರ್ ರೇಟು ದುಂಡಗೆ ಎಲ್ಲಿರುತ್ತದೆ? 8,209 ಅಂತ ಇದ್ದರೆ ಮೊದಲ ಕಂಬ 8,209ರಿಂದ 11,209. ಯಾರಿಗೆ ತೋರಿಸುವುದು ಇದನ್ನ? ಅಂಡರ್‌ಫ್ಲೋ ಬಿನ್ ಅಂತ ಒಂದು ಬಾಕ್ಸ್ ಇದೆ, ಅಲ್ಲಿ 9000 ಹಾಕಿ. ಅದಕ್ಕಿಂತ ಕಡಿಮೆ ಇರುವುದೆಲ್ಲ ಒಂದೇ ಕಂಬಕ್ಕೆ ಹೋಗುತ್ತದೆ, ಉಳಿದದ್ದು 9, 12, 15 ಸಾವಿರ ಅಂತ ನೀಟಾಗಿ ಕೂರುತ್ತದೆ. ಮೇಲ್ಗಡೆ ಒಂದೆರಡು ಲಾಟು ಸಿಕ್ಕಾಪಟ್ಟೆ ರೇಟಿಗೆ ಹೋಗಿದ್ದರೆ ಓವರ್‌ಫ್ಲೋ ಬಿನ್ನೂ ಹಾಗೇ. ಈ ಎರಡು ಬಾಕ್ಸ್‌ಗೋಸ್ಕರವೇ ನಾನು ಎಕ್ಸೆಲ್‌ಗೆ ಜಾಸ್ತಿ ಮಾರ್ಕ್ಸ್ ಕೊಡುತ್ತೇನೆ.

ಅಂಗಡಿಯಲ್ಲಿ ಹಳೇ ಎಕ್ಸೆಲ್ ಇದ್ದರೆ ಅದರ ಜೊತೆಗೇ ಬರುವ ಅನಾಲಿಸಿಸ್ ಟೂಲ್‌ಪ್ಯಾಕ್ ಅನ್ನುವ ಆಡ್-ಇನ್ ಆನ್ ಮಾಡಿಕೊಳ್ಳುವುದು ಒಂದು ದಾರಿ. ನನಗೆ ಅದು ಸೇರಲ್ಲ. ಅದು ಎಣಿಸಿ ಕೊಟ್ಟದ್ದು ಅಲ್ಲಿಗೇ ನಿಂತುಬಿಡುತ್ತದೆ. ಒಂದು ಲಾಟಿನ ರೇಟು ತಿದ್ದಿದರೂ ಇನ್ನೊಮ್ಮೆ ಓಡಿಸಬೇಕು.

ಲಿಬ್ರೆಆಫೀಸ್ ಕ್ಯಾಲ್ಕ್ ಫ್ರೀ. ನಾನು ಬಳಸುವ ಆವೃತ್ತಿಯಲ್ಲಿ ಹಿಸ್ಟೋಗ್ರಾಂ ಅಂತ ಬೇರೆ ಚಾರ್ಟ್ ಇಲ್ಲ. ಒಂದು ಕಾಲಂನಲ್ಲಿ ಕಟ್ಟುಗಳ ಮೇಲಿನ ಗಡಿ ಬರೆದು, ಪಕ್ಕದಲ್ಲಿ ಯಾವ ಕಟ್ಟಿನಲ್ಲಿ ಎಷ್ಟು ಅಂತ ಎಣಿಸುವ ಫ್ರೀಕ್ವೆನ್ಸಿ (FREQUENCY) ಫಾರ್ಮುಲಾ ಹಾಕಿ, ಕಂಟ್ರೋಲ್ ಶಿಫ್ಟ್ ಎಂಟರ್ ಒತ್ತಬೇಕು. ಉತ್ತರ ಒಂದು ಸೆಲ್ ಜಾಸ್ತಿ ಬರುತ್ತದೆ, ಗಾಬರಿ ಬೇಡ, ಕೊನೇ ಗಡಿ ದಾಟಿದ ಲಾಟುಗಳು ಅವು. ಆಮೇಲೆ ಕಾಲಂ ಚಾರ್ಟ್ ಹಾಕಿ, ಕಂಬಗಳ ನಡುವಿನ ಸ್ಪೇಸಿಂಗ್ 0 ಮಾಡಿದರೆ ಆಯಿತು. ಒಮ್ಮೆ ಕಟ್ಟಿಟ್ಟರೆ ರೇಟು ತಿದ್ದಿದ ಹಾಗೆ ಕಂಬವೂ ಏರುತ್ತದೆ, ಇಳಿಯುತ್ತದೆ. ಹಳೇ ಎಕ್ಸೆಲ್‌ನಲ್ಲೂ ಇದೇ ದಾರಿ ನಡೆಯುತ್ತದೆ. ನಿಜ ಹೇಳಬೇಕೆಂದರೆ ಹೊಸದಾಗಿ ಕಲಿಯುವ ಹುಡುಗರಿಗೆ ನಾನು ಮೊದಲು ಇದನ್ನೇ ಮಾಡಿಸುತ್ತೇನೆ, ಒಳಗೆ ಏನು ಎಣಿಸುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ ಚಾರ್ಟ್ ಟೈಪ್ ಹಿಸ್ಟೋಗ್ರಾಂ ಅಂತ ಆರಿಸಿ, ಕಸ್ಟಮೈಸ್‌ಗೆ ಹೋಗಿ ಬಕೆಟ್ ಸೈಜ್, ಅಂದರೆ ಕಟ್ಟಿನ ಅಗಲ, ಬದಲಾಯಿಸಿದರೆ ಮುಗಿಯಿತು. ಎಕ್ಸೆಲ್‌ನಷ್ಟು ಹಿಡಿತ ಇಲ್ಲ, ಒಪ್ಪುತ್ತೇನೆ. ಆದರೆ ಡಬ್ಬಿ ಒಂದು ಕಾಲಂ, ಕಡ್ಡಿ ಇನ್ನೊಂದು ಕಾಲಂ ಮಾಡಿ ಎರಡನ್ನೂ ಸೆಲೆಕ್ಟ್ ಮಾಡಿದರೆ ಒಂದೇ ಚಿತ್ರದಲ್ಲಿ ಎರಡು ಬಣ್ಣದಲ್ಲಿ ಬರುತ್ತವೆ. ಎಕ್ಸೆಲ್‌ನ ಹಿಸ್ಟೋಗ್ರಾಂನಲ್ಲಿ ಇದು ಇಷ್ಟು ಸುಲಭವಾಗಿ ಆಗಲ್ಲ. ನಮ್ಮ ಸಾಹುಕಾರರಿಗೆ ಇದನ್ನು ತೋರಿಸಿದಾಗ ‘ಈಗ ತಿಳೀತ್ ನೋಡಪಾ’ ಅಂದರು, ಅಂದಿನಿಂದ ಸರಾಸರಿ ಕೇಳುವುದು ಕಡಿಮೆ ಮಾಡಿದ್ದಾರೆ.

ವಾಟ್ಸಾಪ್‌ಗೆ ಹಾಕುವುದಿದ್ದರೆ ಚಾರ್ಟನ್ನು ಚಿತ್ರ ಮಾಡಿ ಇಳಿಸಿಕೊಂಡು ಹಾಕಿ. ಶೀಟಿನ ಲಿಂಕ್ ಮಾತ್ರ ಕೊಡಬೇಡಿ, ಅದರಲ್ಲಿ ರೈತರ ಹೆಸರು, ಬ್ಯಾಂಕ್ ಖಾತೆ ನಂಬರ್ ಎಲ್ಲ ಇರುತ್ತದೆ.