ಕಲ್ಲುಕಮಾನಿನ ಸೇತುವೆಗೆ ಸೆನ್ಸರ್ ಕಾವಲು

ತೀರ್ಥಹಳ್ಳಿ ಸೀಮೆಯ ನಮ್ಮೂರಿನ ಹೊಳೆಗೆ ಮೈಸೂರು ಸೀಮೆಯನ್ನು ಬ್ರಿಟಿಷ್ ಕಮಿಷನರು ಆಳುತ್ತಿದ್ದ ಕಾಲದಲ್ಲಿ ಸುಣ್ಣದ ಗಾರೆಯಿಂದ ಕಟ್ಟಿದ ಕಲ್ಲುಸೇತುವೆಯೊಂದಿದೆ. ಊರಿನವರು ಕೂಡಿ, ಇಲಾಖೆಯ ಅನುಮತಿ ಪಡೆದು, ಖಾಸಗಿ ಸಂಸ್ಥೆಯೊಂದರ ದೂರನಿಗಾ ಸೇವೆಯನ್ನು ಅದಕ್ಕೆ ಅಳವಡಿಸಿಕೊಂಡೆವು. ಬಿರುಕು, ಕಂಬಗಳ ವಾಲುವಿಕೆ, ಕಂಪನ, ಉಷ್ಣಾಂಶ ಮತ್ತು ನೀರಿನ ಮಟ್ಟಗಳ ಮಾಹಿತಿ ಮೊಬೈಲ್ ಜಾಲದ ಮೂಲಕ ಸಂಸ್ಥೆಯ ಸರ್ವರ್‌ಗೆ ತಲುಪುತ್ತದೆ.

ಈ ಸೇವೆಯಲ್ಲಿ ನನಗೆ ನಿಜಕ್ಕೂ ಮೆಚ್ಚುಗೆಯಾದದ್ದು ಬಿರುಕಿನ ಅಳತೆ. ಹಿಂದೆಲ್ಲ ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ, ಅದು ಒಡೆದರೆ ಕಲ್ಲು ಸರಿದಿದೆ ಎಂದು ತಿಳಿಯುತ್ತಿದ್ದರು; ಎಷ್ಟು ಸರಿಯಿತು, ಮತ್ತೆ ಹಿಂದಿರುಗಿತೇ ಎಂಬುದನ್ನು ಗಾಜು ಹೇಳುತ್ತಿರಲಿಲ್ಲ. ಈಗಿನ ಮಾಪಕ 0.01 ಮಿಲಿಮೀಟರ್‌ವರೆಗೂ ತೋರಿಸುತ್ತದೆ. ನಡುಗಮಾನಿನ ಬಿರುಕು ಬೆಳಗಿನ ಜಾವದ ತಂಪಿಗೆ ತುಸು ಅಗಲವಾಗಿ, ಮಧ್ಯಾಹ್ನ ಕಲ್ಲು ಹಿಗ್ಗಿದಾಗ ಕಿರಿದಾಗುವುದನ್ನು ಉಷ್ಣಾಂಶದ ಗೆರೆಯ ಪಕ್ಕದಲ್ಲೇ ನೋಡಬಹುದು. ಈ ದೈನಂದಿನ ಏರಿಳಿತವನ್ನು ಕಳೆದ ಮೇಲೂ ಉಳಿಯುವ ಹೆಚ್ಚಳವೇ ಆತಂಕಕ್ಕೆ ಕಾರಣವಾದ್ದರಿಂದ, ಮಳೆ, ಚಳಿ, ಬೇಸಿಗೆ ಮೂರನ್ನೂ ಒಳಗೊಂಡ ಪೂರ್ತಿ ವರ್ಷದ ದಾಖಲೆಯಿಲ್ಲದೆ ಯಾವ ತೀರ್ಮಾನಕ್ಕೂ ಬರಬಾರದು.

ಆದರೆ ಪುನರ್ವಸು ಮಳೆಯಲ್ಲಿ, ಹೊಳೆ ದಡ ಮೀರುವ ಹೊತ್ತಿಗೇ ಮಾಹಿತಿ ನಿಂತುಹೋಯಿತು. ವಾರಗಟ್ಟಲೆ ಬಿಸಿಲು ಕಾಣದ ಮಲೆನಾಡಿಗೆ ಪುಟ್ಟ ಸೌರಫಲಕವನ್ನೇ ನಂಬಿದ ಗೇಟ್‌ವೇ (ಮಾಪಕಗಳ ಮಾಹಿತಿಯನ್ನು ಒಟ್ಟುಗೂಡಿಸಿ ಸರ್ವರ್‌ಗೆ ರವಾನಿಸುವ ಸಾಧನ) ತಂದದ್ದು ಸಂಸ್ಥೆಯ ದೊಡ್ಡ ಲೋಪ. ಮಾಪಕಗಳು ಸ್ವಂತ ಬ್ಯಾಟರಿಯಿಂದ ನಡೆದು ಅಳತೆಗಳನ್ನು ಒಳಗೇ ಉಳಿಸಿಕೊಂಡಿದ್ದವು, ನಿಜ. ಆದರೆ ನೆರೆ ಇಳಿದ ಮೇಲೆ ದೊರೆಯುವ ಎಚ್ಚರಿಕೆಯಿಂದ ಯಾರನ್ನು ಉಳಿಸಲು ಸಾಧ್ಯ? ಎಚ್ಚರಿಕೆಯ ಸಂದೇಶಗಳೂ ಇಂಗ್ಲಿಷಿನಲ್ಲೇ ಬರುತ್ತವೆ.

ಇದಕ್ಕಿಂತ ಗಂಭೀರವಾದ ಕೊರತೆ ನೀರಿನ ಅಡಿಯಲ್ಲಿದೆ. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಕಮಾನು ಸೇತುವೆ ನೆರೆಗೆ ಕೊಚ್ಚಿಹೋಗಿ, ಬಸ್ಸುಗಳಲ್ಲಿದ್ದವರು ಜೀವ ಕಳೆದುಕೊಂಡರು. ಇಂಥ ಹಳೆಯ ಸೇತುವೆಗಳಿಗೆ ಕಂಬದ ಬುಡದ ಮಣ್ಣು ಕೊರೆದುಹೋಗುವುದೇ ದೊಡ್ಡ ಅಪಾಯ. ನೆರೆಯ ರಭಸಕ್ಕೆ ತೆರೆದ ಗುಂಡಿ, ನೀರು ಇಳಿಯುವಾಗ ಸಡಿಲ ಮರಳಿನಿಂದ ಮತ್ತೆ ತುಂಬಿಕೊಳ್ಳುವುದರಿಂದ, ಆಮೇಲೆ ಬಂದು ಪರೀಕ್ಷಿಸುವವರಿಗೆ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ನೀರಿನ ಮಟ್ಟದ ರಾಡಾರ್ ಮೇಲ್ಮೈಯನ್ನಷ್ಟೇ ಅಳೆಯುತ್ತದೆ; ವಾಲುಮಾಪಕ ಬುನಾದಿ ಕುಸಿಯತೊಡಗಿದ ಮೇಲಷ್ಟೇ ಮಾತಾಡುತ್ತದೆ. ಶಬ್ದತರಂಗಗಳಿಂದ ತಳದ ಆಳವನ್ನು ನೆರೆಯ ಹೊತ್ತಿನಲ್ಲೇ ಅಳೆಯಬಲ್ಲ ಸೋನಾರ್ ಉಪಕರಣವನ್ನು ಮೂಲ ಸೇವೆಯಲ್ಲಿ ಸೇರಿಸದೆ, ಪ್ರತ್ಯೇಕ ದರಕ್ಕೆ ಇಟ್ಟಿರುವುದನ್ನು ನಾನು ಒಪ್ಪಲಾರೆ.

ಈ ಸೇವೆ ಪಡೆಯಬಯಸುವ ಊರುಗಳು ಮಾಹಿತಿಯ ಒಡೆತನ ಯಾರದ್ದು, ನಡುರಾತ್ರಿ ಎಚ್ಚರಿಕೆ ಬಂದರೆ ರಸ್ತೆಗೆ ಅಡ್ಡಗಂಬ ಇಳಿಸುವ ಅಧಿಕಾರ ಯಾರಿಗೆ ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ನಮ್ಮಲ್ಲಿಯಂತೂ ಮುಂದಿನ ಮುಂಗಾರಿಗೆ ಮೊದಲು ಸೋನಾರ್ ಮತ್ತು ದೊಡ್ಡ ಬ್ಯಾಟರಿ ಎರಡನ್ನೂ ಕೂರಿಸಿದರೆ ಮಾತ್ರ ಸೇವೆಯನ್ನು ನವೀಕರಿಸಬೇಕೆಂದು ಸಮಿತಿಗೆ ಬರೆದುಕೊಟ್ಟಿದ್ದೇನೆ.