ಊರ ಮನೆಯ ಡಿವಿಆರ್, ಬೆಂಗಳೂರಿನ ಮೊಬೈಲು: ನಿಧಾನ ಪ್ಲೇಬ್ಯಾಕಿಗೆ ನಾನು ಮಾಡಿ ನೋಡಿದ ಐದು ದಾರಿಗಳು

ನಮ್ಮ ಮನೆ ತೀರ್ಥಹಳ್ಳಿ ಕಡೆ. ಅಲ್ಲಿ ಅಪ್ಪ, ಅಮ್ಮ ಇಬ್ಬರೇ ಇರುತ್ತಾರೆ. ಕೊಯ್ಲಿನ ದಿನಗಳಲ್ಲಿ ಬೇಯಿಸಿದ ಅಡಿಕೆ ಅಂಗಳದಲ್ಲೇ ಒಣಗುತ್ತಿರುತ್ತದೆ. ಅದಕ್ಕಾಗಿಯೇ ನಾಲ್ಕು ಕ್ಯಾಮೆರಾ ಹಾಕಿಸಿದೆವು. ಅಂಗಳಕ್ಕೊಂದು, ದಣಪೆಗೊಂದು (ಗೇಟಿಗೆ), ಕೊಟ್ಟಿಗೆಗೊಂದು, ಹಿತ್ತಲಿಗೊಂದು. ಕ್ಯಾಮೆರಾಗಳ ಚಿತ್ರವನ್ನು ರೆಕಾರ್ಡ್ ಮಾಡುವ ಪೆಟ್ಟಿಗೆ, ಡಿವಿಆರ್, ಟೀವಿಯ ಪಕ್ಕದಲ್ಲಿದೆ. ಇಂಟರ್ನೆಟ್ಟಿಗೆ 4ಜಿ ಸಿಮ್ ಹಾಕಿದ ರೌಟರ್. ನಾನಿರುವುದು ಬೆಂಗಳೂರಿನಲ್ಲಿ.

ಒಂದು ದಿನ ಬೆಳಿಗ್ಗೆ ಆರಕ್ಕೇ ಅಪ್ಪನ ಫೋನು. "ರಾತ್ರಿ ಎರಡರ ಹೊತ್ತಿಗೆ ನಾಯಿ ವಿಪರೀತ ಕೂಗ್ತು. ಎಂತ ಬಂದಿತ್ತು ನೋಡು ಮಾರಾಯ" ಎಂದರು. ಆಪ್ ತೆರೆದೆ. ಲೈವ್ ಚೆನ್ನಾಗಿಯೇ ಬಂತು. ರೆಕಾರ್ಡ್ ಆದದ್ದನ್ನು ತೋರಿಸುವ ಪ್ಲೇಬ್ಯಾಕಿಗೆ ಹೋಗಿ 2 ಗಂಟೆಗೆ ಎಳೆದೆ. ಚಕ್ರ ತಿರುಗತೊಡಗಿತು. ಮೂರು ಸೆಕೆಂಡು ಚಿತ್ರ, ಹತ್ತು ಸೆಕೆಂಡು ಚಕ್ರ. ಅರ್ಧ ಗಂಟೆ ಒದ್ದಾಡಿ ನಾಲ್ಕು ನಿಮಿಷದ ದೃಶ್ಯ ನೋಡಿದೆ. ಅಷ್ಟರಲ್ಲಿ ಅಪ್ಪ ಮತ್ತೆರಡು ಸಲ ಫೋನ್ ಮಾಡಿದ್ದರು. ಅಂಗಳದಲ್ಲಿ ವರ್ಷದ ದುಡಿಮೆ ಬಿದ್ದಿರುವಾಗ ಈ ಕಾಯುವಿಕೆ ತುಂಬ ಕಷ್ಟ.

ಲೈವ್ ಸರಿಯಾಗಿ ಬರುತ್ತದೆ, ಪ್ಲೇಬ್ಯಾಕ್ ಮಾತ್ರ ಯಾಕೆ ಬರುವುದಿಲ್ಲ? ನನ್ನನ್ನು ಬಹಳ ದಿನ ಕಾಡಿದ್ದು ಇದೇ. ಕಾರಣ ಸರಳ. ಒಂದೊಂದು ಕ್ಯಾಮೆರಾದಿಂದಲೂ ಎರಡು ಬಗೆಯ ಚಿತ್ರ ತಯಾರಾಗುತ್ತದೆ. ದೊಡ್ಡದು ಮೇನ್ ಸ್ಟ್ರೀಮ್, ಚಿಕ್ಕದು ಸಬ್ ಸ್ಟ್ರೀಮ್. ಲೈವ್ ನೋಡುವಾಗ ಆಪ್ ಸಾಮಾನ್ಯವಾಗಿ ಚಿಕ್ಕದನ್ನು ತೋರಿಸುತ್ತದೆ. ಹಾರ್ಡ್ ಡಿಸ್ಕಿನಲ್ಲಿ ರೆಕಾರ್ಡ್ ಆಗಿರುವುದು ದೊಡ್ಡದು ಮಾತ್ರ. ನಮ್ಮಲ್ಲಿ ಅದು 1080ಪಿ ಅಳತೆ, ಎಚ್.264 ಎಂಬ ವಿಡಿಯೋ ಕುಗ್ಗಿಸುವ ವಿಧಾನ, ಸೆಕೆಂಡಿಗೆ 4 ಮೆಗಾಬಿಟ್. ಅಂದರೆ ಹತ್ತು ನಿಮಿಷದ ದೃಶ್ಯಕ್ಕೆ 300 ಎಂಬಿ.

ಊರಿಗೆ ಹೋದಾಗ ರೌಟರಿನ ಪಕ್ಕ ಕೂತು ಸ್ಪೀಡ್ ಅಳೆದೆ. ಡೌನ್‌ಲೋಡ್ 18 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್). ಆದರೆ ಚಿತ್ರ ಮನೆಯಿಂದ ಹೊರಗೆ ಹೋಗಬೇಕು, ಇಲ್ಲಿ ಬೇಕಾಗಿರುವುದು ಅಪ್‌ಲೋಡ್ ಅಲ್ವಾ? ಅದು ಹಗಲಲ್ಲಿ 2, ಸಂಜೆ ಏಳರ ಮೇಲೆ 1ಕ್ಕಿಂತ ಕಡಿಮೆ. 4 ಹೋಗಬೇಕಾದ ಕಡೆ 2 ಮಾತ್ರ ಹೋಗುತ್ತದೆ. ಬೆಂಗಳೂರಿನಲ್ಲಿ ನನ್ನ ಫೈಬರ್ ಎಷ್ಟೇ ಜೋರಾಗಿದ್ದರೂ ಉಪಯೋಗವಿಲ್ಲ.

ಏನನ್ನೂ ಬದಲಿಸುವ ಮೊದಲು ಒಂದು ಕೆಲಸ ಮಾಡಿ. ಅದೇ ದೃಶ್ಯವನ್ನು ಮನೆಯ ಟೀವಿಯಲ್ಲಿ, ಡಿವಿಆರ್ ಮೌಸ್ ಹಿಡಿದು ಹಾಕಿ ನೋಡಿ. ಅಲ್ಲೂ ನಿಂತು ನಿಂತು ಬಂದರೆ ತೊಂದರೆ ಇಂಟರ್ನೆಟ್ಟಿನದಲ್ಲ, ಹೆಚ್ಚಾಗಿ ಹಾರ್ಡ್ ಡಿಸ್ಕಿನದು. ನಮ್ಮ ನೆರೆಮನೆಯಲ್ಲಿ ಹಾಗೇ ಆಗಿತ್ತು. ಡಿಸ್ಕ್ ಬದಲಿಸಿದ ಮೇಲೆ ಸರಿಹೋಯಿತು. ಡಿವಿಆರ್ ರೌಟರಿಗೆ ವೈಫೈಯಲ್ಲಿ ಸೇರಿದ್ದರೆ ಕೇಬಲ್ ಎಳೆದುಬಿಡಿ.

ಮೊದಲು ಮಾಡಿದ್ದು ಚಿತ್ರದ ತೂಕ ಇಳಿಸುವ ಕೆಲಸ. ಎಚ್.264 ತೆಗೆದು, ಇನ್ನೂ ಹೆಚ್ಚು ಕುಗ್ಗಿಸುವ ಎಚ್.265 ಮಾಡಿದೆ. ಸೆಕೆಂಡಿಗೆ 25 ಫ್ರೇಮ್ ಇದ್ದದ್ದನ್ನು 12ಕ್ಕೆ ಇಳಿಸಿದೆ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನುವುದು, 4ರಿಂದ 2ಕ್ಕೆ ಬಂತು. ಹಗಲಿನ ಚಿತ್ರದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಇನ್ನೂ ಇಳಿಸೋಣ ಅಂತ 1.5 ಮಾಡಿದಾಗ ರಾತ್ರಿಯ ಚಿತ್ರ ಕೆಟ್ಟಿತು. ಕತ್ತಲಲ್ಲಿ ಚಿತ್ರದ ತುಂಬ ಚುಕ್ಕೆಗಳು ಇರುತ್ತವೆ, ಇರುವ ಬಿಟ್ಟುಗಳೆಲ್ಲ ಅವಕ್ಕೇ ಖರ್ಚಾಗುತ್ತವೆ. ಮುಖ ಹಿಟ್ಟು ಬಳಿದ ಹಾಗೆ ಕಾಣುತ್ತದೆ. ಮತ್ತೆ 2ಕ್ಕೇ ತಂದೆ. ಹಗಲಿನಲ್ಲಿ ಪ್ಲೇಬ್ಯಾಕ್ ಹೆಚ್ಚುಕಡಿಮೆ ಓಡತೊಡಗಿತು, ಸಂಜೆ ಮಾತ್ರ ಮೊದಲಿನ ಹಾಗೇ.

ಇಲ್ಲಿ ಎರಡು ಎಚ್ಚರಿಕೆ. ಹಳೆಯ ರೆಕಾರ್ಡಿಂಗ್ ಹಗುರಾಗುವುದಿಲ್ಲ, ಬದಲಿಸಿದ ಮೇಲೆ ಆದದ್ದಷ್ಟೇ ಹಗುರ. ಇನ್ನೊಂದು, ಕೆಲವು ಡಿವಿಆರ್‌ಗಳಲ್ಲಿ ಎಚ್.265ರ ಪಕ್ಕ 'ಪ್ಲಸ್' ಅಥವಾ 'ಸ್ಮಾರ್ಟ್' ಅಂತ ಇರುತ್ತದೆ. ಜಾಗ ಬಹಳ ಉಳಿಸುತ್ತದೆ ನಿಜ. ಆದರೆ ಪೂರ್ತಿ ಚಿತ್ರ, ಅಂದರೆ ಐ-ಫ್ರೇಮ್, ಬಹಳ ಹೊತ್ತಿಗೊಮ್ಮೆ ಬರುತ್ತದೆ. ನಡುವಿನದೆಲ್ಲ ಬರೀ ಬದಲಾವಣೆಯ ಲೆಕ್ಕ. ಪ್ಲೇಬ್ಯಾಕಿನಲ್ಲಿ ಹಿಂದೆ ಮುಂದೆ ಎಳೆದರೆ ಹತ್ತಿರದ ಐ-ಫ್ರೇಮ್ ಹುಡುಕಿ ಅಲ್ಲಿಂದ ಶುರುಮಾಡಬೇಕು. ನಾನು ಅದನ್ನು ಆಫ್ ಮಾಡಿ ಐ-ಫ್ರೇಮ್ ಅಂತರ 24 ಇಟ್ಟೆ, ಅಂದರೆ ಎರಡು ಸೆಕೆಂಡಿಗೊಂದು. ಎಳೆದ ತಕ್ಷಣ ಚಿತ್ರ ಬರತೊಡಗಿತು.

ನಿಜವಾಗಿ ಕೈ ಹಿಡಿದದ್ದು ಎರಡನೆಯ ದಾರಿ. ಡಿವಿಆರ್‌ನ ರೆಕಾರ್ಡಿಂಗ್ ಮೆನುವಿನಲ್ಲಿ ಹುಡುಕುತ್ತಾ ಹೋದಾಗ 'ಡ್ಯುಯಲ್ ಸ್ಟ್ರೀಮ್' ಅನ್ನುವುದು ಸಿಕ್ಕಿತು. ಹಾಕಿಕೊಟ್ಟವರು ಅದನ್ನು ಮುಟ್ಟಿಯೇ ಇರಲಿಲ್ಲ. ಆನ್ ಮಾಡಿದರೆ ಮೇನ್ ಜೊತೆಗೆ ಸಬ್ ಸ್ಟ್ರೀಮೂ ಡಿಸ್ಕಿಗೆ ಬೀಳುತ್ತದೆ. ನಾನು ಸಬ್ ಸ್ಟ್ರೀಮನ್ನು 704 x 576 ಅಳತೆಗೆ, 512 ಕೆಬಿಪಿಎಸ್‌ಗೆ, ಅಂದರೆ ಸುಮಾರು ಅರ್ಧ ಎಂಬಿಪಿಎಸ್‌ಗೆ ಇಟ್ಟೆ. ಹತ್ತು ನಿಮಿಷದ ದೃಶ್ಯ ಈಗ 38 ಎಂಬಿ ಮಾತ್ರ. ಮೊದಲಿನ 300ರ ಎದುರು ಇಟ್ಟು ನೋಡಿ.

ಡಿಸ್ಕ್ ಬೇಗ ತುಂಬಿಬಿಡುತ್ತದಲ್ಲ ಅಂತ ನನಗೂ ಭಯವಿತ್ತು. ಲೆಕ್ಕ ಹಾಕಿದೆ. 512 ಕೆಬಿಪಿಎಸ್ ಅಂದರೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ 5.5 ಜಿಬಿ, ನಾಲ್ಕಕ್ಕೆ 22 ಜಿಬಿ. ಮೇನ್ 2 ಎಂಬಿಪಿಎಸ್‌ನಲ್ಲಿ ನಾಲ್ಕಕ್ಕೂ ಸೇರಿ 86 ಜಿಬಿ. ಒಟ್ಟು 108. ನಮ್ಮದು 2 ಟಿಬಿ ಡಿಸ್ಕ್. ಸುಮಾರು 18 ದಿನಕ್ಕೆ ಸಾಕು. ಹಳೆಯ 4 ಎಂಬಿಪಿಎಸ್ ಸೆಟ್ಟಿಂಗಿನಲ್ಲಿ 11 ದಿನವಷ್ಟೇ ಉಳಿಯುತ್ತಿತ್ತು. ಎರಡೂ ದಾರಿ ಒಟ್ಟಿಗೆ ಮಾಡಿದ್ದರಿಂದ ದಿನಗಳು ಹೆಚ್ಚೇ ಆದವು.

ಚಿಕ್ಕ ಚಿತ್ರದಲ್ಲಿ ಮುಖ ಗುರುತಾಗುವುದಿಲ್ಲ, ಗಾಡಿ ನಂಬರ್ ಕಾಣುವುದಿಲ್ಲ. ಆದರೆ ಯಾವ ಹೊತ್ತಿಗೆ ಬಂತು, ಯಾವ ಕಡೆಯಿಂದ ಬಂತು, ಮನುಷ್ಯನೋ ಪ್ರಾಣಿಯೋ, ಇಷ್ಟು ಸ್ಪಷ್ಟ. ಆ ಒಂದು ನಿಮಿಷ ಸಿಕ್ಕ ಮೇಲೆ ಅದನ್ನಷ್ಟೇ ಮೇನ್ ಸ್ಟ್ರೀಮಿನಲ್ಲಿ ನೋಡಿದರಾಯಿತು. ನಿಮ್ಮ ಆಪ್‌ನ ಪ್ಲೇಬ್ಯಾಕಿನಲ್ಲಿ ಸ್ಟ್ರೀಮ್ ಬದಲಿಸುವ ಗುಂಡಿ ಇದೆಯೇ ಅಂತ ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಈ ದಾರಿಯಿಂದ ಪ್ರಯೋಜನವಿಲ್ಲ.

ಮೂರನೆಯದು ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ನೇರ ಡಿವಿಆರ್‌ಗೆ ಬರಲು ರೌಟರಿನಲ್ಲಿ ಒಂದು ಬಾಗಿಲು (ಪೋರ್ಟ್) ತೆರೆಯುವುದು. ಡಿವಿಆರ್ ಕಂಪನಿಯ ಆಪ್‌ಗಳು ಸಾಮಾನ್ಯವಾಗಿ ಪಿ2ಪಿ, ಅಂದರೆ ಸಾಧನದಿಂದ ಸಾಧನಕ್ಕೆ ಸೇರುವ ದಾರಿಯಲ್ಲಿ ಹೋಗುತ್ತವೆ. ಎರಡು ಕಡೆಯ ರೌಟರ್‌ಗಳ ನಡುವೆ ನೇರ ದಾರಿ ಸಿಕ್ಕರೆ ಸರಿ. ಸಿಗದಿದ್ದರೆ ಚಿತ್ರ ಕಂಪನಿಯ ಸರ್ವರ್ ಸುತ್ತಿ ಬರುತ್ತದೆ, ಆಗ ಇನ್ನೂ ನಿಧಾನ. ಆ ಸುತ್ತು ತಪ್ಪಿಸೋಣ ಅಂದರೆ ನಮ್ಮ 4ಜಿಯಲ್ಲಿ ಆಗುವ ಮಾತೇ ಅಲ್ಲ. ರೌಟರಿನಲ್ಲಿ ವ್ಯಾನ್ ಐಪಿ (ಸಿಮ್ ಕಂಪನಿ ರೌಟರಿಗೆ ಕೊಟ್ಟ ವಿಳಾಸ) ನೋಡಿದೆ, 100.70ರಿಂದ ಶುರುವಾಗಿತ್ತು. 100.64ರಿಂದ 100.127ರವರೆಗಿನ ವಿಳಾಸಗಳು ಒಂದೇ ಸಾರ್ವಜನಿಕ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುವ ವ್ಯವಸ್ಥೆಗೆ ಮೀಸಲು. ಇದನ್ನು ಸಿಜಿನ್ಯಾಟ್ ಅನ್ನುತ್ತಾರೆ. ಹೊರಗಿನಿಂದ ಬಾಗಿಲು ತಟ್ಟಲು ನಮ್ಮದೇ ಅಂತ ಒಂದು ಬಾಗಿಲೇ ಇಲ್ಲ.

ಶಿವಮೊಗ್ಗದ ಅಕ್ಕನ ಮನೆಯಲ್ಲೂ ಇದೇ ಡಿವಿಆರ್ ಇದೆ. ಅಲ್ಲಿ ಫೈಬರ್, ಜೊತೆಗೆ ದುಡ್ಡು ಕೊಟ್ಟು ತೆಗೆದುಕೊಂಡ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ವಿಳಾಸ. ಅಲ್ಲಿ ಪೋರ್ಟ್ ತೆರೆದು ನೋಡಿದೆ. ವೇಗ ಅದ್ಭುತ. ಮೇನ್ ಸ್ಟ್ರೀಮ್ ಕೂಡ ಟೀವಿ ಎದುರು ಕೂತ ಹಾಗೆ ಓಡಿತು. ನಾಲ್ಕು ದಿನ ಬಿಟ್ಟು ಡಿವಿಆರ್‌ನ ಲಾಗ್ ತೆರೆದೆ. ಗೊತ್ತಿಲ್ಲದ ಐಪಿಗಳಿಂದ ಸಾಲು ಸಾಲು ತಪ್ಪು ಲಾಗಿನ್. ಯಾರೋ ಪಾಸ್‌ವರ್ಡ್ ಊಹಿಸುತ್ತಲೇ ಇದ್ದರು. ಅಕ್ಕನ ಮನೆಯ ಒಳಗೆ ಮಕ್ಕಳು ಆಡುವ ಜಾಗದಲ್ಲೂ ಕ್ಯಾಮೆರಾ ಇದೆ. ಕೈ ನಡುಗಿತು. ಅವತ್ತೇ ಪೋರ್ಟ್ ಮುಚ್ಚಿದೆ. 2016ರಲ್ಲಿ ಮಿರಾಯ್ ಎನ್ನುವ ದುಷ್ಟ ತಂತ್ರಾಂಶ ಹರಡಿದ್ದು ಹೀಗೆ ತೆರೆದಿಟ್ಟ ಕ್ಯಾಮೆರಾ, ಡಿವಿಆರ್, ರೌಟರ್‌ಗಳ ಮೂಲಕವೇ. ಕಂಪನಿ ಇಟ್ಟ ಪಾಸ್‌ವರ್ಡ್ ಬದಲಿಸದ ಸಾಧನಗಳನ್ನು ಅದು ಹಿಡಿಯುತ್ತಿತ್ತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಸಾಧನಗಳೆಲ್ಲ ಸೇರಿ ತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಸರ್ವರ್‌ಗಳ ಮೇಲೆ ಬಿದ್ದು, ಟ್ವಿಟರ್‌ನಂಥ ತಾಣಗಳೇ ಅಮೆರಿಕದಲ್ಲಿ ಹಲವರಿಗೆ ಸಿಗದ ಹಾಗೆ ಮಾಡಿದ್ದವು. ಎಷ್ಟೇ ವೇಗ ಸಿಗಲಿ, ಈ ದಾರಿ ಬೇಡ. ನಾನು ಯಾರಿಗೂ ಹೇಳುವುದಿಲ್ಲ.

ನಾಲ್ಕನೆಯದು ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೇ ನಮ್ಮ ಸಾಧನಗಳ ನಡುವೆ ಒಂದು ಖಾಸಗಿ ದಾರಿ. ನನ್ನ ಹತ್ತಿರ ಸುಮ್ನೆ ಬಿದ್ದಿದ್ದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದಿತ್ತು. ಅದಕ್ಕೆ ಟೈಲ್‌ಸ್ಕೇಲ್ ಎಂಬ ವಿಪಿಎನ್ ತಂತ್ರಾಂಶ ಹಾಕಿ, ಮನೆಯ ಉಳಿದ ಸಾಧನಗಳಿಗೂ ದಾರಿ ಕೊಡುವ ಸಬ್‌ನೆಟ್ ರೌಟರ್ ಮಾಡಿ ಊರಿನ ರೌಟರಿಗೆ ಸಿಕ್ಕಿಸಿದೆ. ಸಿಜಿನ್ಯಾಟ್ ಇದ್ದರೂ ಕೆಲಸ ಮಾಡುತ್ತದೆ, ಯಾವ ಪೋರ್ಟನ್ನೂ ತೆರೆಯಬೇಕಿಲ್ಲ. ಬೆಂಗಳೂರಿನಲ್ಲಿ ಕೂತು, ಊರ ಮನೆಯೊಳಗೆ ಡಿವಿಆರ್‌ಗೆ ಇರುವ 192.168 ವಿಳಾಸವನ್ನೇ ಆಪ್‌ಗೆ ಕೊಟ್ಟೆ.

ಇಲ್ಲಿ ಸರಿಯಾಗಿ ಹೇಳಬೇಕು, ಯಾಕಂದರೆ ವಿಪಿಎನ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಜಾಸ್ತಿ. ಮೇನ್ ಸ್ಟ್ರೀಮಿಗೆ ಅಂಥ ಲಾಭವೇನೂ ಆಗಲಿಲ್ಲ. ಅಪ್‌ಲೋಡ್ 2 ಇದ್ದರೆ ವಿಪಿಎನ್ ಒಳಗೂ 2ಕ್ಕಿಂತ ಹೆಚ್ಚು ಹೋಗುವುದಿಲ್ಲ. ಆದರೆ ಸಬ್ ಸ್ಟ್ರೀಮ್ ಜೊತೆ ಸೇರಿಸಿದಾಗ ಬಹಳ ಚೆಂದ. ಆಪ್‌ನಲ್ಲಿ ಮೊದಲ ಚಿತ್ರ ಬರಲು ಎಂಟು ಹತ್ತು ಸೆಕೆಂಡು ಬೇಕಿತ್ತು, ಇಲ್ಲಿ ಎರಡು ಮೂರು ಸೆಕೆಂಡಿಗೇ ಬಂತು. ಬೆಂಗಳೂರು ಮನೆಯ ಫೈಬರ್‌ನಿಂದ ನೋಡುವಾಗ ಟೈಲ್‌ಸ್ಕೇಲಿಗೆ ನೇರ ದಾರಿ ಸಿಗುತ್ತದೆ. ಬಸ್ಸಿನಲ್ಲಿ ಮೊಬೈಲ್ ಡೇಟಾದಿಂದ ನೋಡುವಾಗ ಕೆಲವು ಸಲ ಅದೂ ನಡುವಿನ ಸರ್ವರ್ (ರಿಲೇ) ಸುತ್ತುತ್ತದೆ, ಆಗ ಆಪ್‌ಗಿಂತ ಹೆಚ್ಚೇನೂ ಅಲ್ಲ. ಕಂಪ್ಯೂಟರ್ ಕೆಲಸ ಗೊತ್ತಿಲ್ಲದವರು ಇದಕ್ಕಾಗಿ ಕೊರಗಬೇಡಿ. ಮೊದಲ ಎರಡು ದಾರಿಯಲ್ಲೇ ಮುಕ್ಕಾಲು ಕೆಲಸ ಆಗುತ್ತದೆ.

ಐದನೆಯದು ನೋಡುವುದನ್ನೇ ಬಿಟ್ಟು ಡೌನ್‌ಲೋಡ್ ಮಾಡುವುದು. ಒಂದು ನಿಮಿಷದ ಮೇನ್ ಸ್ಟ್ರೀಮ್ 15 ಎಂಬಿ. ಹಗಲಲ್ಲಿ ಒಂದು ನಿಮಿಷಕ್ಕೆ ಬರುತ್ತದೆ, ಸಂಜೆ ಎರಡು ಮೂರು ನಿಮಿಷ. ಇಡೀ ರಾತ್ರಿಯನ್ನು ಜಾಲಾಡಲು ಇದು ಆಗುವುದಿಲ್ಲ, ಸಿಕ್ಕಿದ ತುಣುಕನ್ನು ಸ್ಪಷ್ಟವಾಗಿ ನೋಡಲು ಇದೇ ಸರಿ. ಪೊಲೀಸರಿಗೆ ಕೊಡಬೇಕಾಗಿ ಬಂದರೆ ಮೊಬೈಲ್ ಸ್ಕ್ರೀನ್ ರೆಕಾರ್ಡಿಂಗ್ ಕೊಡಬೇಡಿ. ಡಿವಿಆರ್‌ನಿಂದಲೇ ಪೆನ್‌ಡ್ರೈವಿಗೆ ಮೂಲ ಫೈಲು ತೆಗೆದಿಡಿ, ಡಿಸ್ಕ್ ತುಂಬಿ ಹಳೆಯದರ ಮೇಲೆ ಹೊಸದು ಬಿದ್ದು ಅಳಿಸಿಹೋಗುವ ಮೊದಲು.

ಈಗ ನಾವು ಇಟ್ಟುಕೊಂಡಿರುವುದು ಇಷ್ಟು: ಎಚ್.265, ಡ್ಯುಯಲ್ ಸ್ಟ್ರೀಮ್, ಹುಡುಕಲು ಟೈಲ್‌ಸ್ಕೇಲ್, ಸಿಕ್ಕ ತುಣುಕಿಗೆ ಡೌನ್‌ಲೋಡ್. ಅಮ್ಮನ ಮೊಬೈಲಿನಲ್ಲಿ ಹಳೆಯ ಆಪೇ ಇದೆ, ಸಬ್ ಸ್ಟ್ರೀಮಿನಲ್ಲಿ ಅವರಿಗೆ ಅದೇ ಸಾಕು.

ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ನಮ್ಮ ಡಿವಿಆರ್‌ನ ಗಡಿಯಾರ ಹಿಂದೆ ಬೀಳುತ್ತಿತ್ತು. 2 ಗಂಟೆಯ ದೃಶ್ಯ ಹುಡುಕಿದರೆ ಏನೂ ಇಲ್ಲ, ಅದು 1.40ರಲ್ಲಿ ಇರುತ್ತಿತ್ತು. ನಿಧಾನ ಇಂಟರ್ನೆಟ್ಟಿನಲ್ಲಿ ಇಪ್ಪತ್ತು ನಿಮಿಷದ ತಪ್ಪು ಅಂದರೆ ಒಂದು ಗಂಟೆಯ ಒದ್ದಾಟ. ಮೆನುವಿನಲ್ಲಿ ಇಂಟರ್ನೆಟ್ಟಿನಿಂದ ಸಮಯ ಸರಿಮಾಡಿಕೊಳ್ಳುವ ಎನ್‌ಟಿಪಿ ಆನ್ ಮಾಡಿ, ಮದರ್‌ಬೋರ್ಡಿನ ಪುಟ್ಟ ಸೆಲ್ ಬದಲಿಸಿ, ಡಿವಿಆರ್, ರೌಟರ್, ಪೈ ಮೂರನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿದೆ. ಆಮೇಲೆ ಅಪ್ಪ ಹೇಳಿದ ಹೊತ್ತಿಗೇ ದೃಶ್ಯ ಸಿಗುತ್ತಿದೆ. ಮೊನ್ನೆ ಸಿಕ್ಕಿದ್ದು ಒಂದು ಮುಳ್ಳುಹಂದಿ, ಹಿತ್ತಲಿನಿಂದ ಬಂದು ಕೊಟ್ಟಿಗೆ ಹಿಂದೆ ಹೋಗಿತ್ತು. ಫೋನ್ ಇಡುವ ಮೊದಲೇ ಅಪ್ಪನಿಗೆ ಹೇಳಿದೆ.